ಕುಡುಗೋಲು ಕಣ ರೋಗ: ಕಾರ್ಡು ಬಂತು, ಗುಳಿಗೆ?

ಮಧ್ಯಪ್ರದೇಶದ ಶಹಡೋಲ್‌ನಲ್ಲಿ 2023ರ ಜುಲೈ 1ರಂದು ಪ್ರಧಾನಿ ನರೇಂದ್ರ ಮೋದಿ ಅವರು ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ) ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ನೀಡಿದರು. 2047ರೊಳಗೆ ರೋಗವನ್ನು ತೊಲಗಿಸಬೇಕೆಂಬುದು ಗುರಿ. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ, ಬುಡಕಟ್ಟು ಜನರು ಹೆಚ್ಚಾಗಿರುವ ಜಿಲ್ಲೆಗಳಲ್ಲಿ, 40 ವರ್ಷದವರೆಗಿನ 7 ಕೋಟಿ ಮಂದಿಯ ರಕ್ತಪರೀಕ್ಷೆ ನಡೆಸಲು ನಿರ್ಧರಿಸಲಾಯಿತು. 2025ರ ಮಧ್ಯಭಾಗದ ಹೊತ್ತಿಗೆ ಪರೀಕ್ಷೆಗೊಳಗಾದವರ ಸಂಖ್ಯೆ 6 ಕೋಟಿ ದಾಟಿತು. 2 ಲಕ್ಷಕ್ಕೂ ಹೆಚ್ಚು ರೋಗಿಗಳು, 16 ಲಕ್ಷಕ್ಕೂ ಮಿಕ್ಕಿ ವಾಹಕರು ಪತ್ತೆಯಾದರು. ಸರ್ಕಾರಿ ಯೋಜನೆಯೊಂದು ಗುರಿಯ ಸಮೀಪಕ್ಕೆ ಬರುವುದೇ ಅಪರೂಪವಾಗಿರುವಾಗ ಇದನ್ನು ಸಣ್ಣ ಸಾಧನೆ ಎನ್ನಲಾಗದು. ಆದರೆ ರಕ್ತ ಪರೀಕ್ಷಿಸಿ ಕಾರ್ಡು ಕೊಟ್ಟ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರ ಇನ್ನೂ ಅಸ್ಪಷ್ಟ.

ರೋಗದ ಮೂಲ ತೀರಾ ಚಿಕ್ಕದು. ಹನ್ನೊಂದನೇ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದರಿಂದ ಹಿಮೋಗ್ಲೋಬಿನ್ನಿನ ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಇಂಥ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತದೆ. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಬಾಗಿ, ಸೆಟೆದು ಕುಡುಗೋಲಿನಂತಾಗುತ್ತದೆ. ಸಾಮಾನ್ಯ ಕಣ ಸುಮಾರು 120 ದಿನ ಬಾಳಿದರೆ ಇದು 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ರಕ್ತಹೀನತೆ, ಕಾಮಾಲೆಯ ಹಳದಿ ಕಣ್ಣು, ಸದಾ ಆಯಾಸ ಇವೆಲ್ಲ ಅದರ ಫಲ.

ಅದಕ್ಕಿಂತ ಘೋರವಾದದ್ದು ನೋವು. ಸೆಟೆದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಅದರಾಚೆಗಿನ ಅಂಗಕ್ಕೆ ರಕ್ತವೇ ಹೋಗುವುದಿಲ್ಲ. ಹುಟ್ಟಿದ ಕೆಲವು ತಿಂಗಳು ಮಗು ಚೆನ್ನಾಗಿಯೇ ಇರುತ್ತದೆ; ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಅದನ್ನು ಕಾಯುತ್ತದೆ. ಆ ರಕ್ಷಣೆ ಕರಗಿದಂತೆ ಕೈಕಾಲು ಊದಿಕೊಂಡು ಮಗು ಅಳತೊಡಗುತ್ತದೆ. ಎಷ್ಟೋ ಮಕ್ಕಳಲ್ಲಿ ಐದು ವರ್ಷ ತುಂಬುವುದರೊಳಗೆ ಗುಲ್ಮವು ಕೆಲಸ ನಿಲ್ಲಿಸಿರುತ್ತದೆ. ಆಗ ಬೇರೆ ಮಕ್ಕಳು ತಡೆದುಕೊಳ್ಳಬಲ್ಲ ಸೋಂಕೇ ಈ ಮಗುವಿನ ಪ್ರಾಣಕ್ಕೆ ಎರವಾಗಬಹುದು. ಮುಂದೆ ಕೆಲವರಿಗೆ ಪಾರ್ಶ್ವವಾಯು, ಕೆಲವರಿಗೆ ಮೂತ್ರಪಿಂಡದ ವೈಫಲ್ಯ. ಸೊಂಟದ ಕೀಲು ಸವೆದು ಯೌವನದಲ್ಲೇ ಕುಂಟುವವರೂ ಉಂಟು. ಚಳಿ, ನೀರಡಿಕೆ, ದಣಿವು, ಜ್ವರ ಯಾವುದು ಬೇಕಾದರೂ ನೋವನ್ನು ಕೆರಳಿಸಬಹುದು. ಕೂಲಿಯಿಂದಲೇ ಬದುಕುವವನಿಗೆ ಇವುಗಳಿಂದ ದೂರವಿರಿ ಎಂದು ಹೇಳುವುದು ಸುಲಭ.

ಭಾರತದಲ್ಲಿ ಈ ರೋಗದ ವೈಜ್ಞಾನಿಕ ದಾಖಲೆ ಆರಂಭವಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳ ರಕ್ತಪರೀಕ್ಷೆಯಿಂದ. ಅದೇ ಬೆಟ್ಟಸಾಲಿಗೆ ಹೊಂದಿಕೊಂಡ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಗಿರಿಜನರಲ್ಲೂ ಅದು ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಇದನ್ನು ಗುರುತಿಸಿ, ದೆಹಲಿಯಲ್ಲಿ ಅಭಿಯಾನದ ಮಾತು ಕೇಳುವ ಬಹಳ ಮೊದಲೇ ಕೆಲಸ ಮಾಡಿತ್ತು.

ಕಾಡಿನ ಜನರಲ್ಲೇ ಇದು ಹೆಚ್ಚೇಕೆ ಎಂಬುದಕ್ಕೆ ಆ್ಯಂಟನಿ ಆಲಿಸನ್ 1954ರಲ್ಲಿ ಉತ್ತರ ಕೊಟ್ಟರು. ತಂದೆ ಅಥವಾ ತಾಯಿಯಿಂದ ಒಂದೇ ದೋಷಯುಕ್ತ ವಂಶವಾಹಿ ಪಡೆದವರನ್ನು ಮಾರಕ ಮಲೇರಿಯಾ ಅಷ್ಟಾಗಿ ಬಾಧಿಸದು. ಇಂಥವರೇ ವಾಹಕರು, ಅವರು ರೋಗಿಗಳಲ್ಲ. ಇಬ್ಬರು ವಾಹಕರು ಮದುವೆಯಾದಾಗ ಪ್ರತಿ ಗರ್ಭದಲ್ಲೂ ಮಗು ರೋಗಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಅಭಿಯಾನದ ಒತ್ತು ಬಿದ್ದಿರುವುದು ಈ ಲೆಕ್ಕದ ಮೇಲೆ. ಪರೀಕ್ಷೆಯಾದವರಿಗೆ ಕಾರ್ಡು ಕೊಡಲಾಗುತ್ತದೆ. ಜಾತಕ ನೋಡುವಂತೆ ಮದುವೆಗೆ ಮುನ್ನ ಕಾರ್ಡು ಕೂಡಿಸಿ ನೋಡಿ ಎಂಬ ಉಪದೇಶ ವೇದಿಕೆಗಳಿಂದ ಕೇಳಿಬಂದಿದೆ. ಕಾಗದದ ಮೇಲೆ ಇದು ಸರಳ. ಊರಿನಲ್ಲಿ ಅಷ್ಟು ಸರಳವಲ್ಲ. ಗ್ರೀಸಿನ ಒರ್ಕೋಮೆನೋಸ್ ಎಂಬ ಊರಿನಲ್ಲಿ 1960ರ ದಶಕದಲ್ಲಿ ಇದನ್ನೇ ಮಾಡಿ ನೋಡಲಾಗಿತ್ತು. ಅಲ್ಲಿ ಹೆಚ್ಚುಕಡಿಮೆ ಕಾಲು ಭಾಗದಷ್ಟು ಜನ ವಾಹಕರು. ಕೆಲ ವರ್ಷಗಳ ನಂತರ ನೋಡಿದಾಗ ವಾಹಕರಿಗೆ ಕಳಂಕ ಅಂಟಿತ್ತು, ಹಲವರು ಸಂಗತಿಯನ್ನು ಮುಚ್ಚಿಟ್ಟಿದ್ದರು, ವಾಹಕರ ನಡುವಿನ ಮದುವೆಗಳು ಮಾತ್ರ ಕಡಿಮೆಯಾಗಿರಲಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಆತುರದಿಂದ ಪರೀಕ್ಷೆ ನಡೆಸಿದಾಗ ಆರೋಗ್ಯವಂತರಾದ ಕಪ್ಪು ವರ್ಣೀಯ ವಾಹಕರು ಉದ್ಯೋಗ, ವಿಮೆಗಳಲ್ಲಿ ತಾರತಮ್ಯ ಎದುರಿಸಬೇಕಾಯಿತು. ಅಲ್ಲಿನ ವಾಯುಪಡೆ ಅಕಾಡೆಮಿಯ ಬಾಗಿಲು ಅವರಿಗೆ ತೆರೆದದ್ದು 1981ರಲ್ಲಿ.

ನಮ್ಮಲ್ಲಿ ಕಾರ್ಡಿನ ಭಾರ ಬೀಳುವುದು ಯಾರ ಮೇಲೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಿನ ಕಾರ್ಡನ್ನು ಕೇಳುವವರಿಗಿಂತ ಹೆಣ್ಣಿನ ಕಾರ್ಡನ್ನು ಕೇಳುವವರೇ ಹೆಚ್ಚು. ಕೆಲವೇ ಕುಲಗಳೊಳಗೆ ಸಂಬಂಧ ಬೆಳೆಸುವ ಚಿಕ್ಕ ಸಮುದಾಯದಲ್ಲಿ ವಾಹಕರನ್ನೆಲ್ಲ ಬದಿಗಿಟ್ಟು ವರ ಹುಡುಕುವುದು ಸಾಧ್ಯವೂ ಅಲ್ಲ. ಅಷ್ಟಕ್ಕೂ ವಾಹಕನೊಬ್ಬ ವಾಹಕಳಲ್ಲದವಳನ್ನು ವರಿಸಿದರೂ ಅವರ ಮಕ್ಕಳಲ್ಲಿ ಸರಾಸರಿ ಅರ್ಧದಷ್ಟು ಮಂದಿ ವಾಹಕರೇ. 2047ರಲ್ಲೂ ಈ ವಂಶವಾಹಿ ಇರುತ್ತದೆ. ‘ನಿರ್ಮೂಲನೆ’ ಎಂಬ ಮಾತನ್ನು ಅಧಿಕಾರಿಗಳು ಎಚ್ಚರದಿಂದ ಬಳಸುವುದು ಒಳ್ಳೆಯದು.

ಇತ್ತ, ಈಗಾಗಲೇ ಹುಟ್ಟಿರುವ 2 ಲಕ್ಷ ರೋಗಿಗಳ ಮಾತು ಹಿಂದೆ ಬಿದ್ದಿದೆ. ವಂಶವಾಹಿಯನ್ನೇ ತಿದ್ದುವ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ನೀಡಿದವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಭಾರತದ ವಿಜ್ಞಾನಿಗಳು ರೂಪಿಸಿದ ‘ಬಿರ್ಸಾ 101’ ಅನ್ನು ಕೇಂದ್ರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದ್ದು ಹೆಮ್ಮೆಯ ಸಂಗತಿಯೇ. ಆದರೂ ಪೋಡಿನ ಮಗುವನ್ನು ಇಂದು ಉಳಿಸಬಲ್ಲದ್ದು ಹಳೆಯ, ಅಗ್ಗದ ಔಷಧಗಳು. ಎಳೆಯ ಮಕ್ಕಳಿಗೆ ಪೆನಿಸಿಲಿನ್ ಕೊಟ್ಟರೆ ಮಾರಕ ಸೋಂಕು ಗಣನೀಯವಾಗಿ ತಗ್ಗುತ್ತದೆಂಬುದು 1986ರಲ್ಲೇ ಸಾಬೀತಾಗಿದೆ. ಅದಕ್ಕಾಗಿ ಮಗು ಹುಟ್ಟಿದ ಕೂಡಲೇ ಪರೀಕ್ಷೆ ಆಗಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆ ಗರ್ಭಕಾಲದ ಹಿಮೋಗ್ಲೋಬಿನ್ನನ್ನು ಮರಳಿ ಹೆಚ್ಚಿಸಿ ನೋವಿನ ಸರದಿಗಳನ್ನು ಅರ್ಧದಷ್ಟು ಇಳಿಸಬಲ್ಲದು. ಆದರೆ ಅದನ್ನು ನಿತ್ಯ ನುಂಗಬೇಕು, ಕೆಲವು ತಿಂಗಳಿಗೊಮ್ಮೆ ರಕ್ತಕಣಗಳನ್ನು ಎಣಿಸಿ ಪ್ರಮಾಣ ಸರಿಪಡಿಸಬೇಕು. ಇದು ಶಿಬಿರ ಹಾಕಿ ಒಂದೇ ದಿನದಲ್ಲಿ ಮುಗಿಸುವ ಕೆಲಸವಲ್ಲ. ಗುಳಿಗೆಯ ದಾಸ್ತಾನು ಮತ್ತು ರಕ್ತ ಎಣಿಸುವ ಯಂತ್ರ ಹಾಡಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇಲ್ಲದಿದ್ದರೆ, ರೋಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾದು, ಜಿಲ್ಲಾಸ್ಪತ್ರೆಗೆ ಹೋಗಬೇಕು. ಎರಡು ಸಲ ಹೋದಾನು. ಮೂರನೆಯ ಸಲ ನೋವು ತಾಳಲಾರದಾದಾಗಲೇ ಹೊರಡುತ್ತಾನೆ.