ಗೋಡೆ ಹತ್ತುವ ವ್ಯಾಯಾಮ, ಯೋಗ ಮತ್ತು ನಮ್ಮ ತೋಟದ ಏಣಿ

ಸಕಲೇಶಪುರ ಮತ್ತು ಆಲೂರು ಸೀಮೆಯ ಅನೇಕ ಮನೆಗಳ ಮಕ್ಕಳು ಇಂದು ಓದು, ಉದ್ಯೋಗಗಳ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಅವರಲ್ಲಿ ಕೆಲವರು ಹೊಸ ಬಗೆಯ ವ್ಯಾಯಾಮಶಾಲೆಯೊಂದರ ಮಾತನ್ನಾಡುತ್ತಾರೆ. ಸೂರಿನ ಕೆಳಗೆ ಕಟ್ಟಿದ ಕೃತಕ ಬಂಡೆಯ ಗೋಡೆಯನ್ನು ಕೈಕಾಲುಗಳಿಂದ ಹತ್ತುವುದು, ಬಳಿಕ ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಯೋಗದ ತರಗತಿಗೆ ಸೇರುವುದು ಅಲ್ಲಿನ ಕ್ರಮ. ಇದನ್ನು ಕೇಳಿದ ಹಿರಿಯರು, ‘ಸುತ್ತಲೂ ಬೆಟ್ಟವಿರುವ ಊರಿನಲ್ಲಿ ಹುಟ್ಟಿ, ದುಡ್ಡು ಕೊಟ್ಟು ಗೋಡೆ ಹತ್ತಬೇಕೆ?’ ಎಂದು ನಗುವುದುಂಟು. ಮಕ್ಕಳನ್ನು ಅಲ್ಲಿಗೆ ಕಳುಹಿಸಬಹುದೇ, ಬಿದ್ದರೆ ಗತಿಯೇನು ಎಂದು ಆತಂಕಪಡುವ ತಾಯಿತಂದೆಯರೂ ಇದ್ದಾರೆ.

ಎರಡೂ ನ್ಯಾಯವಾದ ಪ್ರಶ್ನೆಗಳೇ. ಈ ವ್ಯಾಯಾಮ ದೇಹಕ್ಕೆ ಹಿತಕರವಾದುದು ಎಂಬುದು ನನ್ನ ಅಭಿಪ್ರಾಯ. ಆದರೆ ವ್ಯಾಯಾಮಕ್ಕಿಂತಲೂ ಬೆಲೆಯುಳ್ಳದ್ದು ಅಲ್ಲಿ ಪಾಲಿಸುವ ಶಿಸ್ತು. ವಿನೋದಕ್ಕಾಗಿ ಹತ್ತುವವರಿಗೆ ದೊರೆಯುವ ಆ ರಕ್ಷಣೆ, ಹೊಟ್ಟೆಪಾಡಿಗಾಗಿ ನಮ್ಮ ತೋಟಗಳಲ್ಲಿ ಮರ ಹತ್ತುವವರಿಗೂ ದೊರೆಯಬೇಕು. ಈ ಲೇಖನದ ಒಟ್ಟು ಆಶಯ ಇದೇ.

ಅಲ್ಲಿ ಏನಿರುತ್ತದೆ?

ಒಳಾಂಗಣದ ಗೋಡೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸುಮಾರು 4 ಮೀಟರ್ ಎತ್ತರದ ಗೋಡೆ. ಇದನ್ನು ಹಗ್ಗವಿಲ್ಲದೆ ಹತ್ತುತ್ತಾರೆ. ಕೆಳಗೆ ನೆಲದ ತುಂಬ ದಪ್ಪನೆಯ ಮೆತ್ತೆ ಹಾಸಿರುತ್ತದೆ. ಎರಡನೆಯದು ಅದಕ್ಕಿಂತ ಬಹಳ ಎತ್ತರದ್ದು. ಇಲ್ಲಿ ಸೊಂಟಕ್ಕೆ, ತೊಡೆಗಳಿಗೆ ಪಟ್ಟಿ ಬಿಗಿದು ಹಗ್ಗ ಕಟ್ಟಿಕೊಂಡೇ ಹತ್ತಬೇಕು. ಹಗ್ಗದ ಇನ್ನೊಂದು ತುದಿಯನ್ನು ನೆಲದ ಮೇಲೆ ನಿಂತ ಜೊತೆಗಾರ ನಿಯಂತ್ರಿಸುತ್ತಾನೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಎತ್ತರದ ಗೋಡೆಯನ್ನು ಓದುಗರಲ್ಲಿ ಕೆಲವರು ನೋಡಿರಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಿಂದ ಈ ಆರೋಹಣವು ಒಲಿಂಪಿಕ್ ಕ್ರೀಡೆಯೂ ಆಗಿದೆ.

ಗೋಡೆಯ ತುಂಬ ಬಣ್ಣಬಣ್ಣದ ಹಿಡಿಕೆಗಳನ್ನು ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಒಂದು ಬಣ್ಣ ಒಂದು ದಾರಿಯನ್ನೋ ಅದರ ಕಾಠಿಣ್ಯವನ್ನೋ ಸೂಚಿಸುತ್ತದೆ. ರಬ್ಬರ್ ಅಂಗಾಲಿನ ಬಿಗಿಯಾದ ಪಾದರಕ್ಷೆಯನ್ನು ಬಾಡಿಗೆಗೆ ಕೊಡುತ್ತಾರೆ. ಕೈ ಬೆವರಿ ಜಾರದಂತೆ ಹಚ್ಚಿಕೊಳ್ಳುವ ಬಿಳಿಯ ಪುಡಿ ಮೆಗ್ನೀಷಿಯಂ ಕಾರ್ಬೊನೇಟ್. ಮೊದಲ ದಿನ ಒಂದು ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದುಂಟು. ಅದನ್ನು ಓದದೆ ರುಜು ಹಾಕಬಾರದು.

ಒಳ್ಳೆಯ ಶಾಲೆಯನ್ನು ಗುರುತಿಸುವ ಬಗೆ ಸುಲಭ. ಅಲ್ಲಿ ಹತ್ತುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಎರಡೂ ಪಾದಗಳನ್ನು ಒಟ್ಟಿಗೆ ಊರುವುದು, ಮೊಣಕಾಲು ಮಡಿಸುವುದು, ಬೆನ್ನಿನ ಮೇಲೆ ಹಿಂದಕ್ಕೆ ಉರುಳುವುದು, ಕೈಗಳನ್ನು ಎದೆಗೆ ಸೇರಿಸಿಕೊಳ್ಳುವುದು, ಇಷ್ಟನ್ನು ಮೆತ್ತೆಯ ಮೇಲೆ ಮತ್ತೆ ಮತ್ತೆ ಮಾಡಿಸುತ್ತಾರೆ. ಬೀಳುವಾಗ ಅಂಗೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಮುರಿಯುತ್ತದೆ. ಹತ್ತುತ್ತಿರುವವನ ಕೆಳಗೆ ಯಾರೂ ಸುಳಿಯಬಾರದು. ಹಗ್ಗದ ಗೋಡೆಯಲ್ಲಿ ಪ್ರತಿ ಸಲವೂ ಹತ್ತುವವನ ಗಂಟನ್ನು ಜೊತೆಗಾರನೂ, ಜೊತೆಗಾರನ ಸಾಧನವನ್ನು ಹತ್ತುವವನೂ ಪರೀಕ್ಷಿಸಲೇಬೇಕು. ಇಪ್ಪತ್ತು ವರ್ಷದ ಅನುಭವಿಗೂ ಇದರಿಂದ ವಿನಾಯಿತಿಯಿಲ್ಲ. ಇವನ್ನು ಕಲಿಸದೆ ನೇರವಾಗಿ ಗೋಡೆಗೆ ಬಿಡುವ ಶಾಲೆಯಿಂದ ಹಿಂದಿರುಗಿ ಬರುವುದೇ ಲೇಸು.

ದೇಹಕ್ಕೆ ಆಗುವ ಪ್ರಯೋಜನ

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಉಸಿರಾಟದ ವ್ಯಾಯಾಮವೂ, ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲನೆಯದನ್ನು ನಮ್ಮ ಬೆಟ್ಟಗಳು ಪುಕ್ಕಟೆಯಾಗಿ ಕೊಡುತ್ತವೆ. ಮಂಜರಾಬಾದ್ ಕೋಟೆಯ ಮೆಟ್ಟಿಲುಗಳನ್ನು ನಡುವೆ ನಿಲ್ಲದೆ ಹತ್ತಬಲ್ಲವರಿಗೆ ಉಸಿರಿನ ಶಕ್ತಿಯ ಬಗೆಗೆ ಬೇರೆ ಸಾಕ್ಷಿ ಬೇಡ. ಆದರೆ ಬೆಟ್ಟದಲ್ಲಿ ಹುಟ್ಟಿದ ಮಾತ್ರಕ್ಕೆ ಬೆಟ್ಟದ ದೇಹ ಬರುವುದಿಲ್ಲ. ಹಾಲಿನ ಡೇರಿಗೂ ಬೈಕಿನಲ್ಲಿ, ತೋಟಕ್ಕೂ ಜೀಪಿನಲ್ಲಿ ಹೋಗುವವರಾದ ನಾವು ನಮ್ಮ ಅಜ್ಜಂದಿರ ಕಾಲಿನ ಬಲವನ್ನು ನಮ್ಮದೆಂದು ಹೇಳಿಕೊಳ್ಳುವಂತಿಲ್ಲ.

ಎರಡನೆಯದನ್ನು ಗೋಡೆ ಕೊಡುತ್ತದೆ. ಬೆರಳು, ಮುಂಗೈ, ಭುಜ, ಬೆನ್ನು, ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ದುಡಿಯುತ್ತವೆ. ಮೊದಲ ದಿನ ಮುಂಗೈ ಕಲ್ಲಿನಂತಾಗಿ ನೀರಿನ ಬಾಟಲಿಯ ಮುಚ್ಚಳ ತೆರೆಯುವುದೂ ಕಷ್ಟವಾದೀತು. ಬೆರಳ ತುದಿಯ ಚರ್ಮ ಉರಿಯುತ್ತದೆ. ಇದು ಸಹಜ. ಆದರೆ ಸ್ನಾಯುಗಳು ಕೆಲವು ವಾರಗಳಲ್ಲಿ ಬಲಗೊಂಡರೆ, ಅವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಬಲಗೊಳ್ಳಲು ತಿಂಗಳುಗಳು ಬೇಕು. ಶಕ್ತಿ ಬಂದಿತೆಂಬ ಉತ್ಸಾಹದಲ್ಲಿ ದಿನವೂ ಹತ್ತುವವರ ಬೆರಳುಗಳು ಗಾಯಗೊಳ್ಳುವುದು ಇದರಿಂದಲೇ. ಆರಂಭದಲ್ಲಿ ವಾರಕ್ಕೆ ಎರಡು ದಿನ, ನಡುವೆ ವಿಶ್ರಾಂತಿ ಸಾಕು. ಬೆಳೆಯುವ ಮಕ್ಕಳ ಬೆರಳಿನ ಮೂಳೆಗಳ ಬೆಳವಣಿಗೆಯ ಭಾಗ ಮೃದುವಾಗಿರುವುದರಿಂದ, ಬೆರಳ ತುದಿಯಲ್ಲಿ ಜೋತುಬೀಳುವ ಕಠಿಣ ಅಭ್ಯಾಸ ಅವರಿಗೆ ಸಲ್ಲದು. ಆಟವಾಗಿ ಹತ್ತಿದರೆ ದೋಷವಿಲ್ಲ.

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಮೂಳೆ ಟೊಳ್ಳಾಗುವ ರೋಗ, ಭುಜ ಅಥವಾ ಬೆನ್ನಿನ ಹಳೆಯ ನೋವು ಉಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಹತ್ತಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೋಗಬಾರದು. ಎತ್ತರದಲ್ಲಿರುವಾಗ ಸಕ್ಕರೆಯ ಮಟ್ಟ ಇಳಿದು ತಲೆಸುತ್ತಿದರೆ ಅಪಾಯ. ಈ ವ್ಯಾಯಾಮ ಯಾವ ರೋಗಕ್ಕೂ ಔಷಧಿಯ ಬದಲಲ್ಲ.

ಇಷ್ಟಲಿಂಗಧಾರಿಗಳ ಪ್ರಶ್ನೆ

ಉಂಗುರ, ಬಳೆ, ಸರಗಳನ್ನು ತೆಗೆದಿಟ್ಟು ಹತ್ತಬೇಕೆಂಬ ನಿಯಮ ಇಂಥ ಶಾಲೆಗಳಲ್ಲಿ ಸಾಮಾನ್ಯ. ಹಿಡಿಕೆಗೆ ಸಿಕ್ಕಿಕೊಂಡ ಉಂಗುರ ಬೆರಳನ್ನೇ ಕಿತ್ತೀತು. ಕೊರಳಿನ ದಾರ ಸಿಕ್ಕಿಕೊಂಡರೆ ಉಸಿರಿಗೇ ಅಪಾಯ. ಹಾಗಾದರೆ ಇಷ್ಟಲಿಂಗವನ್ನು ಧರಿಸಿದ ನಮ್ಮ ಮಕ್ಕಳು ಏನು ಮಾಡಬೇಕು? ಕೊರಳಲ್ಲಿ ಕರಡಿಗೆ ತೂಗಾಡುತ್ತಿರುವಾಗ ಹತ್ತುವುದಂತೂ ತರವಲ್ಲ. ಲಿಂಗವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಗೆ ಮೈಗೆ ಒತ್ತಿ ಕಟ್ಟಿಕೊಳ್ಳುವುದು ಒಂದು ಮಾರ್ಗ. ಆದರೆ ಇದು ಆಚಾರದ ವಿಷಯವಾದುದರಿಂದ ತಮ್ಮ ಗುರುಗಳನ್ನು ಕೇಳಿ, ಶಾಲೆಯ ತರಬೇತುದಾರರಿಗೂ ಸಂಕೋಚವಿಲ್ಲದೆ ತಿಳಿಸಿ ನಿರ್ಧರಿಸುವುದು ಉಚಿತ. ಎರಡು ಕಡೆಯೂ ಒಪ್ಪುವ ದಾರಿ ಕಾಣದಿದ್ದರೆ, ಆ ಮಕ್ಕಳಿಗೆ ಬೇರೆ ವ್ಯಾಯಾಮಗಳಿಗೇನೂ ಕೊರತೆಯಿಲ್ಲ.

ಯೋಗದ ತರಗತಿ

ಇಂಥ ಶಾಲೆಗಳಲ್ಲಿ ಹೇಳಿಕೊಡುವ ಯೋಗ ವಿದೇಶದಿಂದ ಬಂದ ಶೋಕಿಯೆಂದು ಕೆಲವರು ತಿಳಿದಿದ್ದಾರೆ. ಉಸಿರಿನೊಡನೆ ಆಸನದಿಂದ ಆಸನಕ್ಕೆ ಸಾಗುವ ವಿನ್ಯಾಸ ಕ್ರಮವನ್ನು ಅಷ್ಟಾಂಗ ಯೋಗವೆಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯಿಸಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ನಮ್ಮ ಹಾಸನದ ಸಮೀಪದ ಕೌಶಿಕ ಗ್ರಾಮದಲ್ಲಿ. ಬಾಲಕನಾಗಿ ಹಾಸನದಲ್ಲಿ ಟಿ. ಕೃಷ್ಣಮಾಚಾರ್ಯರ ಆಸನ ಪ್ರದರ್ಶನವನ್ನು ನೋಡಿ ಅವರು ಶಿಷ್ಯತ್ವ ವಹಿಸಿದರು. ಕೃಷ್ಣಮಾಚಾರ್ಯರು ಮುಂದೆ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಯೋಗಶಾಲೆ ನಡೆಸಿದರು. ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿ ನಮ್ಮ ಮಕ್ಕಳು ಮಾಡುವ ವಿನ್ಯಾಸ ಕ್ರಮ ನಮ್ಮ ಜಿಲ್ಲೆಯಿಂದಲೇ ಹೊರಟು, ಜಗತ್ತು ಸುತ್ತಿ ಮರಳಿದ್ದು.

ಗೋಡೆ ಹತ್ತುವವರ ಭುಜ ಕ್ರಮೇಣ ಮುಂದಕ್ಕೆ ಬಾಗುತ್ತದೆ, ಎದೆ ಕುಗ್ಗುತ್ತದೆ, ಬೆರಳುಗಳು ಮಡಿಸಿಯೇ ಇರುತ್ತವೆ. ಎದೆಯನ್ನು ತೆರೆಯುವ, ಮಣಿಕಟ್ಟನ್ನು ಹಿಂದಕ್ಕೆ ಚಾಚುವ, ಸೊಂಟದ ಕೀಲನ್ನು ಸಡಿಲಿಸುವ ಆಸನಗಳು ಇದನ್ನು ಸರಿದೂಗಿಸುತ್ತವೆ. ಆದರೆ ಹತ್ತಿ ದಣಿದ ಭುಜಕ್ಕೆ ಮತ್ತೆ ವೇಗದ ಸೂರ್ಯನಮಸ್ಕಾರಗಳು ಹೊರೆಯೇ. ಆ ದಿನ ನಿಧಾನಗತಿಯ ತರಗತಿಯೂ ಶವಾಸನವೂ ಸಾಕು. ವೇಗದ ತರಗತಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬೇಕು. ಹತ್ತುವ ಮುನ್ನ ದೀರ್ಘಕಾಲ ಒಂದೇ ಭಂಗಿಯಲ್ಲಿ ಸ್ನಾಯುಗಳನ್ನು ಎಳೆದು ಹಿಡಿಯುವುದಕ್ಕಿಂತ ಮೈ ಬೆಚ್ಚಗಾಗುವಂತೆ ಕೈಕಾಲು ಆಡಿಸುವುದು ಉತ್ತಮ. ಗ್ಲಾಕೋಮಾ ಅಥವಾ ಅಧಿಕ ರಕ್ತದೊತ್ತಡ ಇದ್ದವರು ಶೀರ್ಷಾಸನದಂಥ ತಲೆಕೆಳಗಾದ ಆಸನಗಳನ್ನು ಬಿಡಬೇಕು. ಆಸನ ತಿದ್ದುವ ನೆಪದಲ್ಲಿ ಮೈ ಮುಟ್ಟುವುದು ಇಷ್ಟವಿಲ್ಲವಾದರೆ ‘ಬೇಡ’ ಎನ್ನುವ ಹಕ್ಕು ಪ್ರತಿಯೊಬ್ಬ ವಿದ್ಯಾರ್ಥಿಗೂ ಇದೆ. ಈ ಮಾತನ್ನು ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಮೊದಲೇ ಹೇಳಿ ಕಳುಹಿಸಬೇಕು.

ಈ ತರಗತಿಯ ಯೋಗವೇ ಶಿವಯೋಗವೆಂದು ಯಾರೂ ಭ್ರಮಿಸಬೇಕಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಮನಸ್ಸನ್ನು ಲೀನಗೊಳಿಸುವ ಸಾಧನೆಗೂ ಒಂದು ತಾಸಿನ ಆಸನಾಭ್ಯಾಸಕ್ಕೂ ಗುರಿ ಬೇರೆ. ಆದರೂ ಬೆನ್ನು ನೇರ ಮಾಡಿ ಅರ್ಧ ಗಂಟೆ ಕುಳಿತುಕೊಳ್ಳಲಾರದ ದೇಹ ಪೂಜೆಯಲ್ಲೂ ಚಡಪಡಿಸುತ್ತದೆ. ಆ ಮಟ್ಟಿಗೆ ಆಸನಗಳು ಪೂಜೆಗೂ ಸಹಾಯಕ. ದೇಹವನ್ನು ಹೀಗಳೆಯದೆ ಗೌರವಿಸಿದ ಶರಣ ಪರಂಪರೆಗೆ ಇದು ಹೊರತಾದುದೇನಲ್ಲ.

ಗೋಡೆ ಬೇರೆ, ಬೆಟ್ಟ ಬೇರೆ

ಮೆತ್ತೆಯ ಮೇಲೆ ಗಳಿಸಿದ ಧೈರ್ಯವನ್ನು ಮಳೆಗಾಲದ ಬಂಡೆಯ ಮೇಲೆ ಪರೀಕ್ಷಿಸುವುದು ಅನಾಹುತಕ್ಕೆ ಆಹ್ವಾನ. ಬಿಸಿಲೆಯ ಕಾಡಿನಂಚಿನಲ್ಲಾಗಲಿ, ಜೇನುಕಲ್ಲು ಗುಡ್ಡದ ಇಳಿಜಾರಿನಲ್ಲಾಗಲಿ, ಜಲಪಾತಗಳ ತಲೆಯ ಮೇಲಾಗಲಿ ಪಾಚಿಗಟ್ಟಿದ ಕಲ್ಲಿಗೆ ಬಣ್ಣದ ಹಿಡಿಕೆಗಳಿಲ್ಲ. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಅವರ ಸಾಹಸವನ್ನು ಮೆಚ್ಚೋಣ. ಅವರನ್ನು ಅನುಕರಿಸಲು ಹೊರಡುವ ಹುಡುಗರನ್ನು ತಡೆಯೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗಿನ ಅಭ್ಯಾಸವೇ ವಿವೇಕ.

ತೋಟದ ಏಣಿಯ ಮೇಲಿರುವವರು

ಇನ್ನು ನಮ್ಮ ಸೀಮೆಯ ನಿಜವಾದ ಆರೋಹಿಗಳ ಮಾತು. ಕಾಳುಮೆಣಸಿನ ಕೊಯ್ಲಿನ ತಿಂಗಳುಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿ, ಬಳ್ಳಿಯ ತುದಿಯವರೆಗೆ ಹೋಗುವವರು ಅವರು. ಕಾಫಿ ತೋಟದ ಮರಗಸಿಯ ಕಾಲದಲ್ಲಿ ಕತ್ತಿ ಹಿಡಿದು ನೆರಳಿನ ಮರಗಳ ಕೊಂಬೆಯಿಂದ ಕೊಂಬೆಗೆ ಸಾಗುವವರೂ ಅವರೇ. ವ್ಯಾಯಾಮಶಾಲೆಯ ಗೋಡೆಗಿಂತ ಎಷ್ಟೋ ಪಾಲು ಎತ್ತರದಲ್ಲಿ ಇಡೀ ದಿನ ದುಡಿಯುವ ಇವರಲ್ಲಿ ಬಹುಮಂದಿಗೆ ಹಗ್ಗವಿಲ್ಲ, ಪಟ್ಟಿಯಿಲ್ಲ, ಕೆಳಗೆ ಮೆತ್ತೆಯಂತೂ ಇಲ್ಲ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಗಳನ್ನು ಮಲೆನಾಡಿನ ಪತ್ರಿಕೆಗಳಲ್ಲಿ ಓದಿ ಮರೆಯುತ್ತಿದ್ದೇವೆ. ಬೆನ್ನುಮೂಳೆ ಮುರಿದವನ ಮನೆ ಒಂದೇ ಕ್ಷಣದಲ್ಲಿ ದುಡಿಮೆಯನ್ನು ಕಳೆದುಕೊಳ್ಳುತ್ತದೆ.

ಕಾಯಕವನ್ನು ಪೂಜೆಯೆಂದು ನಂಬಿದ ಧರ್ಮ ನಮ್ಮದು. ಕಾಯಕ ಮಾಡುವವನ ಮೈಯನ್ನು ಕಾಯುವುದು ಆ ನಂಬಿಕೆಯ ಭಾಗವಲ್ಲವೇ? ಶ್ರೀಮಠದ ಸದ್ಭಕ್ತರಲ್ಲಿ ತೋಟದ ಮಾಲೀಕರೂ ಇದ್ದಾರೆ, ಅಲ್ಲಿ ದುಡಿಯುವವರೂ ಇದ್ದಾರೆ. ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಎತ್ತರದ ಕೆಲಸಕ್ಕೆ ಒಬ್ಬನನ್ನೇ ಕಳುಹಿಸಬೇಡಿ. ದಿನವೂ ಬೆಳಿಗ್ಗೆ ಏಣಿಯನ್ನೂ ಹಗ್ಗವನ್ನೂ ಇಬ್ಬರು ಪರೀಕ್ಷಿಸಲಿ. ತಂತಿ ಹಾದುಹೋಗುವ ಕಡೆ ಅಲ್ಯೂಮಿನಿಯಂ ಏಣಿ ಒಯ್ಯುವುದನ್ನು ನಿಲ್ಲಿಸಿ. ಮರ ಒದ್ದೆಯಿದ್ದ ದಿನ ಬೇರೆ ಕೆಲಸ ಕೊಡಿ. ಎತ್ತರದ ದುಡಿಮೆಗೆಂದೇ ತಯಾರಾದ, ಭುಜ, ಎದೆ, ತೊಡೆಗಳನ್ನು ಒಟ್ಟಿಗೆ ಹಿಡಿಯುವ ಪೂರ್ಣದೇಹದ ರಕ್ಷಣಾ ಪಟ್ಟಿಯನ್ನು ಕೊಂಡುಕೊಡಿ. ಆಟಕ್ಕೆ ಬಳಸುವ ಸೊಂಟದ ಪಟ್ಟಿ ಈ ಕೆಲಸಕ್ಕೆ ಸಾಲದು. ಕೂಲಿಯನ್ನು ಕೊಯ್ದ ತೂಕಕ್ಕೆ ಕಟ್ಟಿದಾಗ ಆತುರ ಹೆಚ್ಚುತ್ತದೆಂಬುದನ್ನೂ ನೆನಪಿಡಿ.

ಯಾರಾದರೂ ಬಿದ್ದಾಗ ಕಂಕುಳಿಗೆ ಕೈಹಾಕಿ ಎತ್ತಿ ಜೀಪಿನಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಇದರಿಂದ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಬಿದ್ದವನನ್ನು ಅಲುಗಿಸದೆ, ತಲೆ ಕುತ್ತಿಗೆಗಳನ್ನು ಸ್ಥಿರವಾಗಿ ಹಿಡಿದು 108ಕ್ಕೆ ಕರೆ ಮಾಡಬೇಕು. ವಾಹನ ಬಾರದ ಜಾಗವಾಗಿ ಸಾಗಿಸಲೇಬೇಕಾದಲ್ಲಿ ಅಗಲವಾದ ಹಲಗೆಯ ಮೇಲೆ, ತಲೆಯಿಂದ ಕಾಲಿನವರೆಗೆ ಒಂದೇ ನೇರದಲ್ಲಿರುವಂತೆ, ನಾಲ್ಕಾರು ಜನ ಸೇರಿ ಮಲಗಿಸಿ ಒಯ್ಯಬೇಕು.

ಬೆಂಗಳೂರಿನಲ್ಲಿ ಗೋಡೆ ಹತ್ತುವುದನ್ನು ಕಲಿತ ನಮ್ಮ ಮಕ್ಕಳು ಮೆಣಸಿನ ಕೊಯ್ಲಿಗೆ ಮುನ್ನ ಒಂದು ಭಾನುವಾರ ಊರಿಗೆ ಬರಲಿ. ಎತ್ತರದ ಕೆಲಸದ ಸುರಕ್ಷತೆ ಬಲ್ಲ ತರಬೇತುದಾರರೊಬ್ಬರನ್ನೂ ವೈದ್ಯರೊಬ್ಬರನ್ನೂ ಜೊತೆಗೆ ಕರೆತರಲಿ. ಪರಸ್ಪರ ಪರೀಕ್ಷಿಸುವ ಕ್ರಮ, ಬಿದ್ದವನನ್ನು ಸಾಗಿಸುವ ವಿಧಾನ, ದಿನದ ದುಡಿಮೆಯ ಬಳಿಕ ಬೆನ್ನು ಭುಜಗಳಿಗೆ ಹಿತವಾಗುವ ನಾಲ್ಕು ಆಸನಗಳು, ಇಷ್ಟನ್ನು ತೋಟದ ಕಾರ್ಮಿಕ ಬಂಧುಗಳಿಗೆ ಶ್ರೀಮಠದ ಅಂಗಳದಲ್ಲಿ ಕಲಿಸಿಕೊಡಲಿ. ಅಂದಿನ ಕೂಲಿಯನ್ನು ಮಾಲೀಕರು ಕೊಡಲಿ, ಪ್ರಸಾದದ ವ್ಯವಸ್ಥೆಯನ್ನು ಭಕ್ತರು ಹೊರಲಿ. ಈ ವರ್ಷದ ಕೊಯ್ಲಿಗೆ ಮೊದಲೇ ಇದು ನಡೆಯಬೇಕು.