ಕಲಾವಿದರೇ ಕಟ್ಟಿದ ವೇದಿಕೆ

ನ್ಯೂಯಾರ್ಕ್ ನಗರದ ವಿಷನ್ ಜಾಜ್ ಉತ್ಸವವನ್ನು 1996ರಲ್ಲಿ ಹುಟ್ಟುಹಾಕಿದವರು ವರ್ತಕರಲ್ಲ; ನರ್ತಕಿ ಪೆಟ್ರೀಷಿಯಾ ನಿಕೋಲ್ಸನ್ ಮತ್ತು ಆಕೆಯ ಸಂಗಡಿಗರಾದ ಕಲಾವಿದರು. ಮನೋಧರ್ಮವೇ ಜೀವಾಳವಾದ ಇವರ ಸಂಗೀತಕ್ಕೆ ದೊಡ್ಡ ಧ್ವನಿಮುದ್ರಣ ಕಂಪೆನಿಗಳ ಆಶ್ರಯವು ವಿರಳ. ಚಪ್ಪಾಳೆಯಿಂದ ಮನೆಬಾಡಿಗೆ ತೀರುವುದೆ? 1960ರಲ್ಲಿಯೇ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಮೊದಲಾದವರು ನ್ಯೂಪೋರ್ಟ್ ಉತ್ಸವದ ಸಂಭಾವನೆಯ ತಾರತಮ್ಯವನ್ನು ಪ್ರತಿಭಟಿಸಿ, ಅದೇ ಊರಿನಲ್ಲಿ ತಮ್ಮದೇ ಉತ್ಸವವನ್ನು ನಡೆಯಿಸಿದ್ದರು. ಅಂದು ಕೆಲವೇ ದಿನಗಳದಾಗಿದ್ದ ಆ ಸ್ವಾತಂತ್ರ್ಯವನ್ನು ವಿಷನ್ ಉತ್ಸವವು ದಶಕಗಳ ಏರ್ಪಾಡಾಗಿ ಬೆಳೆಯಿಸಿತು. ಜನಪ್ರಿಯತೆಯ ಹಂಗಿಲ್ಲದೆ ಹೊಸತನ್ನು ನುಡಿಸಲು ಸ್ವತಂತ್ರ ವಾದಕರಿಗೆ ಬೇರೆ ಎಡೆಗಳು ಎಷ್ಟಿವೆ? ಆದುದರಿಂದ ಇಂತಹ ಉತ್ಸವಗಳಿಗೆ ದ್ರವ್ಯಸಹಾಯ ಮಾಡುವ ಸರಕಾರವೂ ಧನಿಕರೂ ಕೇವಲ ಟಿಕೇಟುಗಳ ಲೆಕ್ಕವನ್ನು ಹಿಡಿದು ಅವುಗಳ ಯೋಗ್ಯತೆಯನ್ನು ಅಳೆಯಬಾರದೆಂದು ನಾವು ಒತ್ತಿ ಹೇಳುತ್ತೇವೆ.