ಅಶ್ವಶಕ್ತಿಯ ವ್ಯಾಪಾರದಲ್ಲಿ ನಷ್ಟ ಯಾರಿಗೆ?

ಕಿವಿಗಡಚಿಕ್ಕುವ ಸದ್ದಿನೊಂದಿಗೆ ಬೀದಿಯಲ್ಲಿ ಹಾದುಹೋಗುವ ಬೈಕ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಉದ್ಗಾರಗಳು ಕೇಳಿಸುತ್ತವೆ. ಒಂದು, ಇಂದಿನ ಯುವಕರೇ ಹೀಗೆ. ಇನ್ನೊಂದು, ಪೊಲೀಸರು ಏನು ಮಾಡುತ್ತಿದ್ದಾರೆ? ಈ ಉದ್ಗಾರಗಳ ನಡುವೆ ಒಂದು ಸರಳ ಪ್ರಶ್ನೆ ಕಳೆದುಹೋಗಿದೆ. ಬೈಕಿನ ಶಕ್ತಿ ಹೆಚ್ಚಿಸುತ್ತೇನೆಂದು ಗ್ಯಾರೇಜಿಗೆ ಸಾವಿರಾರು ರೂಪಾಯಿ ಸುರಿದವನಿಗೆ ನಿಜಕ್ಕೂ ದಕ್ಕಿದ್ದೇನು?

ಸ್ಪೋರ್ಟ್ಸ್ ಟೂರಿಂಗ್ ಬೈಕ್ ಎಂಬುದು ಒಂದು ಹೊಂದಾಣಿಕೆಯ ಹೆಸರು. ಇಬ್ಬರು ಸವಾರರನ್ನೂ ಅವರ ಸಾಮಾನನ್ನೂ ಹೊತ್ತು, ಬಿಸಿಲಲ್ಲಿ ಗಂಟೆಗಟ್ಟಲೆ, ಎಂಜಿನ್ ದಣಿಯದಂತೆ ಓಡಬೇಕಾದ ವಾಹನವದು. ಅದರ ವೇಗ, ಬ್ರೇಕು, ಟಯರು, ಶಾಖ, ಇಂಧನ ಎಲ್ಲವೂ ಒಂದನ್ನೊಂದು ನೋಡಿಕೊಂಡೇ ನಿರ್ಧಾರವಾಗಿರುತ್ತವೆ. ಶಕ್ತಿ ಹೆಚ್ಚಿಸುವ ವ್ಯಾಪಾರಿ ಮೊದಲು ಮುರಿಯುವುದು ಈ ಹೊಂದಾಣಿಕೆಯನ್ನೇ.

ಎಂಜಿನ್ ಶಕ್ತಿ ಪಡೆಯುವುದು ಗಾಳಿ ಮತ್ತು ಪೆಟ್ರೋಲನ್ನು ಸರಿಯಾದ ಪ್ರಮಾಣದಲ್ಲಿ ಉರಿಸುವುದರಿಂದ. ಸೈಲೆನ್ಸರ್ ಕಿತ್ತು ಸದ್ದಿನ ಕೊಳವೆ ಹಾಕಿ, ಏರ್ ಫಿಲ್ಟರ್ ಬದಲಿಸಿದರೆ ಗಾಳಿಯ ದಾರಿ ಸಡಿಲವಾಗುತ್ತದೆ. ಪೆಟ್ರೋಲು ತಕ್ಕಷ್ಟು ಹೆಚ್ಚದಿದ್ದರೆ ಎಂಜಿನ್ ಕಾಯತೊಡಗುತ್ತದೆ. ಇನ್ನು ಕೆಲವರು ಎಂಜಿನ್ ಹೆಡ್ ತುರಿಸಿ ಒಳಗಿನ ಒತ್ತಡ ಹೆಚ್ಚಿಸುತ್ತಾರೆ. ಆಗ ಸಾಮಾನ್ಯ ಪೆಟ್ರೋಲು ಹೊತ್ತಿಗೆ ಮುನ್ನವೇ ಸಿಡಿದು ಪಿಸ್ಟನ್ನಿಗೆ ಏಟು ಬೀಳುತ್ತದೆ. ಬೋರ್ ದೊಡ್ಡದು ಮಾಡಿದರೆ ಸಿಲಿಂಡರಿನ ಗೋಡೆ ತೆಳ್ಳಗಾಗುತ್ತದೆ. ಊರೊಳಗೆ ನಾಲ್ಕು ಸುತ್ತು ಹಾಕುವವನಿಗೆ ಇದು ತಿಳಿಯದು. ಘಾಟಿಯ ನಡುವೆ, ಹಿಂದಿನ ಸೀಟಿನಲ್ಲಿ ಹೆಂಡತಿಯನ್ನೋ ತಮ್ಮನನ್ನೋ ಕೂರಿಸಿಕೊಂಡಾಗ ತಿಳಿಯುತ್ತದೆ. ದೂರ ಪ್ರಯಾಣಕ್ಕೆಂದು ಕೊಂಡ ಬೈಕು ದೂರ ಪ್ರಯಾಣಕ್ಕೇ ನಾಲಾಯಕ್ಕಾಗುತ್ತದೆ ಎಂಬುದೇ ಈ ವ್ಯಾಪಾರದ ವಿಪರ್ಯಾಸ.

ಹಾಗಾದರೆ ಶಕ್ತಿ ಹೆಚ್ಚಿಸಲು ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಬಜಾಜ್ ಡೊಮಿನಾರ್ 400ರ ಉದಾಹರಣೆಯನ್ನೇ ನೋಡಿ. 2016ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ 373 ಸಿಸಿ ಎಂಜಿನ್ 35 ಪಿಎಸ್ ಶಕ್ತಿ ನೀಡುತ್ತಿತ್ತು. 2019ರಲ್ಲಿ ಅದು 40 ಪಿಎಸ್ ಆಯಿತು. ಕೇವಲ 5 ಪಿಎಸ್‌ಗಾಗಿ ಕಾರ್ಖಾನೆಯು ಒಂದು ಕ್ಯಾಮ್‌ಶಾಫ್ಟಿನ ಬದಲು ಎರಡನ್ನು ಅಳವಡಿಸಿತು, ಸೈಲೆನ್ಸರನ್ನು ಹೊಸದಾಗಿ ರೂಪಿಸಿತು, ಮುಂಭಾಗದ ಫೋರ್ಕನ್ನೂ ಬದಲಿಸಿತು. ಎಂಜಿನಿಯರುಗಳ ಪಡೆಯೊಂದು ಇಷ್ಟೆಲ್ಲ ಮಾಡಿ ಪಡೆದುದನ್ನು ಬೀದಿ ಬದಿಯ ಅಂಗಡಿ ಒಂದು ಮಧ್ಯಾಹ್ನದಲ್ಲಿ ಕೊಡುತ್ತದೆಂದು ನಂಬುವುದಾದರೂ ಹೇಗೆ? ಶಕ್ತಿ ಅಳೆಯುವ ಯಂತ್ರವೇ ಇಲ್ಲದ ಅಂಗಡಿಯಲ್ಲಿ ಅಶ್ವಶಕ್ತಿಗೆ ಸಾಕ್ಷಿ ಸದ್ದು ಮಾತ್ರ.

ಅಂಗಡಿಯವನ ಮಾತು ಪೂರ್ತಿ ನಿಜವೆಂದೇ ಇಟ್ಟುಕೊಳ್ಳೋಣ. ವೇಗ ಹೆಚ್ಚಿದಂತೆ ಗಾಳಿಯ ಎದುರು ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ಆದ್ದರಿಂದ ಶೇ. 20ರಷ್ಟು ಹೆಚ್ಚು ಶಕ್ತಿ ದೊರೆತರೂ ಗರಿಷ್ಠ ವೇಗ ಏರುವುದು ಸುಮಾರು ಶೇ. 6ರಷ್ಟು ಮಾತ್ರ. ಆದರೆ ಅಪಾಯದ ಲೆಕ್ಕ ಬೇರೆ. ಗಂಟೆಗೆ 100 ಕಿ.ಮೀ. ಬದಲು 120ರಲ್ಲಿ ಸಾಗುವ ಬೈಕಿನ ಚಲನಶಕ್ತಿ ಶೇ. 44ರಷ್ಟು ಹೆಚ್ಚು, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಅಷ್ಟೇ ಹೆಚ್ಚು. ಬ್ರೇಕ್ ಮಾತ್ರ ಹಳೆಯದೇ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಈ ಸಂಖ್ಯೆಯ ಹಿಂದಿರುವುದು ಮನೆಗಳು ಎಂಬುದನ್ನು ಹೆತ್ತವರಿಗೆ ವಿವರಿಸಬೇಕಾಗಿಲ್ಲ.

ಕಾನೂನಂತೂ ಸ್ಪಷ್ಟವಾಗಿದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ವಿಧಿಸಬಹುದು. ಅಪ್ರಾಪ್ತ ಮಗ ಬೈಕ್ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಹಾಗಂತ ಕಾನೂನು ಎಲ್ಲ ಬದಲಾವಣೆಗೂ ಬಾಗಿಲು ಮುಚ್ಚಿಲ್ಲ. ಅಂಗವಿಕಲರು ಬಳಸುವಂತೆ ವಾಹನವನ್ನು ಮಾರ್ಪಡಿಸಲು ಅದರಲ್ಲೇ ಅವಕಾಶವಿದೆ. ಅಗತ್ಯಕ್ಕೆ ದಾರಿ ಇದೆ, ಆಡಂಬರಕ್ಕಿಲ್ಲ.

ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರೋಡ್ ರೋಲರಿನಡಿ ಪುಡಿಮಾಡುವ ಚಿತ್ರಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಒಳ್ಳೆಯದೇ. ಆದರೆ ಅದೇ ಸರಕು ಹಗಲಿನಲ್ಲಿ ಅಂಗಡಿಯ ಮುಂದೆ ನೇತಾಡುತ್ತಿರುವಾಗ ಕೊಂಡವನನ್ನಷ್ಟೇ ಹಿಡಿಯುವುದು ಎಂಥ ನ್ಯಾಯ? ಹದಿನೆಂಟರ ಹುಡುಗನಿಗೆ ವೇಗವನ್ನೇ ಗಂಡಸುತನವೆಂದು ಬಿಂಬಿಸುವ ಜಾಹೀರಾತುಗಳಿಗೆ ಯಾವ ದಂಡ? ಯುವಕರನ್ನು ಶಪಿಸುವುದು ಸುಲಭ. ಅವರ ಉತ್ಸಾಹದಿಂದ ಲಾಭ ಮಾಡಿಕೊಳ್ಳುವವರನ್ನು ಪ್ರಶ್ನಿಸುವುದು ಕಷ್ಟ.

ವೇಗದ ಹಂಬಲವೇ ತಪ್ಪೆಂದು ನಾವು ಹೇಳುತ್ತಿಲ್ಲ. ಅದಕ್ಕೆಂದೇ ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ರೇಸ್ ಟ್ರ್ಯಾಕ್ ಇದೆ. ಅಲ್ಲಿ ಎದುರಿನಿಂದ ಶಾಲಾ ಬಸ್ಸು ಬರುವುದಿಲ್ಲ, ಅಡ್ಡಲಾಗಿ ಮುದುಕಿ ದಾಟುವುದಿಲ್ಲ. ಊರ ರಸ್ತೆ ಎಲ್ಲರದು. ಸಮಯಕ್ಕೆ ಆಯಿಲ್ ಬದಲಿಸಿ, ಚೈನಿಗೆ ಎಣ್ಣೆ ಹಾಕಿ, ಟಯರಿನ ಗಾಳಿ ನೋಡಿಕೊಂಡರೆ ಬೈಕು ತನ್ನ ಪೂರ್ಣ ಶಕ್ತಿಯನ್ನು ತಾನೇ ಕೊಡುತ್ತದೆ. ಅದರಾಚೆಗೆ ಒಳ್ಳೆಯ ಹೆಲ್ಮೆಟ್ಟಿಗೆ ಖರ್ಚು ಮಾಡಲಿ, ಸವಾರಿಯ ತರಬೇತಿಗೆ ಖರ್ಚು ಮಾಡಲಿ.

ಮಗ ಮುಂದಿನ ಬಾರಿ ಬೈಕಿಗೆಂದು ಹಣ ಕೇಳಿದಾಗ ಯಾವುದಕ್ಕೆ ಎಂದು ಹೆತ್ತವರು ಕೇಳಲೇಬೇಕು. ಆ ಪ್ರಶ್ನೆಯನ್ನು ಮನೆ ಇಂದು ಕೇಳದಿದ್ದರೆ, ನಾಳೆ ಆಸ್ಪತ್ರೆಯೋ ನ್ಯಾಯಾಲಯವೋ ಕೇಳುತ್ತದೆ.